ಆರನೇ ಪಾಠದ ಹಸಿರು

ಒಂಬತ್ತನೇ ವಾಕ್ಯ ಮೂರನೇ ಸಲವೂ ಕೆಟ್ಟಿತು. ಈ ಸಲ ಕೆಡಿಸಿದ್ದು ಅತ್ತೆ.

ಟೀಚರ್ ಗೋಡೆ ಕಪಾಟಿನ ಎರಡೂ ಬಾಗಿಲು ತೆರೆದು, ತೂಗುಹಾಕಿದ್ದ ಕೋಟು, ಶರಟುಗಳ ನಡುವೆ ತಲೆ ತೂರಿಸಿ, ಮೊಣಕಾಲಿನ ಮೇಲೆ ಮೊಬೈಲ್ ಇಟ್ಟುಕೊಂಡು ಪುಟ್ಟ ಸ್ಟೂಲಿನ ಮೇಲೆ ಕೂತಿದ್ದಳು. ಬಟ್ಟೆಗಳ ನಡುವೆ ಕೂತು ಮಾತಾಡಿದರೆ ದನಿ ಗುಂಯ್‌ಗುಡುವುದಿಲ್ಲ, ರಸ್ತೆಯ ಗದ್ದಲವೂ ಅಷ್ಟಾಗಿ ಒಳಗೆ ಬರುವುದಿಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಎರಡು ವರ್ಷದಿಂದ ಪಾಠಗಳಿಗೆ ದನಿ ತುಂಬಿಸುತ್ತಾ ತಾನೇ ಕಂಡುಕೊಂಡದ್ದು. "ದಯವಿಟ್ಟು ಇನ್ನೊಂದು ಸಲ ಹೇಳಿ" ಎಂಬ ವಾಕ್ಯದ ಕೊನೆಯ ಪದ ಬಾಯಿಂದ ಹೊರಡುವ ಹೊತ್ತಿಗೆ ಹೊರಗಿನಿಂದ ಕೂಗು ಬಂತು.

"ಏನೇ, ನನ್ನ ಕನ್ನಡಕ ಎಲ್ಲಿಟ್ಟೆ?"

"ಬಂದೆ!"

"ಹತ್ತು ಸಲ ಬಂದೆ ಅಂತೀಯ, ಒಂದು ಸಲ ಬಾ ಮೊದಲು. ಕಪಾಟಿನೊಳಗೆ ಕೂತು ಯಾರ ಹತ್ರ ಪಿಸುಗುಡ್ತೀಯೋ. ನೋಡಿದವರು ಏನಂದ್ಕೋಬೇಕು!"

"ನೋಡೋಕೆ ಯಾರಿದ್ದಾರೆ ಅತ್ತೆ ಇಲ್ಲಿ? ನೀವೊಬ್ಬರೇ."

"ಅದನ್ನೇ ಹೇಳಿದ್ದು. ನಾನೇ ಅಂದ್ಕೋತೀನಿ."

ಕನ್ನಡಕ ಅತ್ತೆಯ ಮಡಿಲಲ್ಲೇ, ಪೇಪರಿನ ಕೆಳಗಿತ್ತು. ತೆಗೆದುಕೊಟ್ಟು ಬಂದು ಮತ್ತೆ ಕಪಾಟಿನೊಳಗೆ ಕೂತಳು. ದನಿ ತುಂಬುವ ಮೊದಲು ಸುಮ್ಮನೆ ಒಮ್ಮೆ ತನ್ನ ತರಗತಿಯ ಪುಟ ತೆರೆದು ನೋಡಿದಳು. ಹನ್ನೆರಡು ಹೆಂಗಸರ ಹೆಸರಿನ ಮುಂದೆ ದಿನಕ್ಕೊಂದು ಚುಕ್ಕಿ. ಹಸಿರು, ಹಸಿರು, ಕೆಂಪು, ಹಸಿರು. ಮೂರನೇ ಸಾಲಿಗೆ ಬಂದಾಗ ಬೆರಳು ನಿಂತಿತು. ಆ ಸಾಲು ಐದು ದಿನದಿಂದ ಖಾಲಿ. ಅದು ನೂರಕ್ಕನ ಸಾಲು. ಪಾಠ ಶುರುವಾದ ದಿನದಿಂದ ಒಂದು ದಿನವೂ ಖಾಲಿ ಬಿಟ್ಟವಳಲ್ಲ ಅವಳು. ಮಂಗಳವಾರ ತರಗತಿಗೂ ಬಂದಿರಲಿಲ್ಲ. ಜ್ವರ ಎಂದು ಅವಳ ನಾದಿನಿ ಹೇಳಿದ್ದಳು. ಜ್ವರ ಬಂದವರು ಮಲಗಿಕೊಂಡೇ ಮೊಬೈಲ್ ಒತ್ತುತ್ತಾರಲ್ಲ, ಎಂದು ಟೀಚರಿಗೆ ಅನಿಸಿತು. ಅನಿಸಿದ್ದು ಹಾಗೇ ಹೋಯಿತು. ಒಂಬತ್ತನೇ ವಾಕ್ಯ ಇನ್ನೂ ಬಾಕಿ ಇತ್ತು.

ಅವಳು ಕಲಿಸುತ್ತಿದ್ದದ್ದು ಊರಿನ ಭಾಷೆ. ಕಲಿಯುವವರು ಎಲ್ಲೆಲ್ಲಿಂದಲೋ ದುಡಿಯಲು ಬಂದ ಹೆಂಗಸರು. ದೊಡ್ಡ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸುಬಟ್ಟೆ ಮಡಿಸುವವರು, ಆಸ್ಪತ್ರೆಯ ನೆಲ ಒರೆಸುವವರು, ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರು. ಟೈರ್ ಅಂಗಡಿಯ ಮಹಡಿಯ ಮೇಲೆ ಅವರ ಭಾಷಾ ಕೇಂದ್ರ. ವಾರಕ್ಕೆ ಎರಡು ದಿನ ಸಂಜೆ ನಾಲ್ಕಕ್ಕೆ, ಕೆಳಗಿನ ರಬ್ಬರ್ ವಾಸನೆಯನ್ನೂ ಸೇರಿಸಿಕೊಂಡು ತರಗತಿ ನಡೆಯುತ್ತಿತ್ತು. ಉಳಿದ ಐದು ದಿನ ಪಾಠ ಅವರವರ ಮೊಬೈಲಿನಲ್ಲಿ. ಅದಕ್ಕಾಗಿ ಅವಳು ವೆಬ್ಬಿನಲ್ಲಿ ಸಿಗುವ ಸಲಕರಣೆಗಳನ್ನು ಒಂದೊಂದಾಗಿ ಕಲಿತು, ಹದಿನಾಲ್ಕು ಪಾಠ ಕಟ್ಟಿದ್ದಳು. ಲಿಂಕ್ ಒತ್ತಿದರೆ ಚಿತ್ರ ಬರುತ್ತದೆ. ಒಂದು ದನಿ ಪ್ರಶ್ನೆ ಕೇಳುತ್ತದೆ. ಕೆಳಗೆ ಮೂರು ಉತ್ತರ. ಸರಿಯಾದದ್ದನ್ನು ಮುಟ್ಟಿದರೆ ಟಿಂಗ್ ಎಂದು ಹಸಿರಾಗುತ್ತದೆ, ತಪ್ಪಾದದ್ದನ್ನು ಮುಟ್ಟಿದರೆ ಬುರ್ರ್ ಎಂದು ಕೆಂಪಾಗುತ್ತದೆ. ಆಮೇಲೆ ಟೀಚರಿನ ದನಿಯಲ್ಲಿ ಆ ಉತ್ತರ ಕೇಳಿಸಿಕೊಂಡು, ಮೈಕಿನ ಗುರುತು ಒತ್ತಿ, ತಾವೂ ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ನೇರ ಟೀಚರಿನ ಪುಟಕ್ಕೆ ಬಂದು ಸೇರುತ್ತದೆ.

ಆ ದನಿಗಳನ್ನು ಕೇಳುವುದು ಅವಳ ದಿನದ ಅತಿ ಇಷ್ಟದ ಕೆಲಸ. ಒಬ್ಬಳ ಹಿಂದೆ ನಲ್ಲಿ ಸೋರುತ್ತಿರುತ್ತದೆ, ಇನ್ನೊಬ್ಬಳ ಹಿಂದೆ ಮಗು ರಚ್ಚೆ ಹಿಡಿದಿರುತ್ತದೆ, ಮತ್ತೊಬ್ಬಳು ಬಸ್ಸಿನಲ್ಲಿ ನಿಂತೇ ಹೇಳುತ್ತಾಳೆ. ತರಗತಿಯಲ್ಲಿ ತುಟಿ ಬಿಚ್ಚದವರು ಮೊಬೈಲಿನ ಮುಂದೆ ಗಂಟಲು ಬಿಚ್ಚುತ್ತಿದ್ದರು. ಯಾರೂ ನಗುವುದಿಲ್ಲವಲ್ಲ. ತಪ್ಪಾದರೆ ಅಳಿಸಿ ಹತ್ತು ಸಲ ಹೇಳಬಹುದಲ್ಲ.

ಒಂದು ಸಲ ಮಾತ್ರ ಅವಳೇ ನಕ್ಕುಬಿಟ್ಟಿದ್ದಳು. ಆರನೇ ಪಾಠ, 'ಕೆಲಸದ ಜಾಗದಲ್ಲಿ'. ಸೂಪರ್‌ವೈಸರ್ ಯಂತ್ರದ ಪಕ್ಕ ನಿಂತು ಕೇಳುತ್ತಾನೆ: "ಯಂತ್ರ ಸರಿ ಇದೆಯಾ?" ಉತ್ತರ: "ಎಲ್ಲ ಸರಿ ಇದೆ ಸರ್." ಹನ್ನೆರಡು ಹೆಂಗಸರೂ ಒಂದೇ ರಾಗದಲ್ಲಿ "ಎಲ್ಲ ಸರಿ ಇದೆ ಸರ್, ಬಂದೆ" ಎಂದು ಹೇಳಿ ಕಳಿಸಿದ್ದರು. ಇದೇನಪ್ಪಾ ಎಂದು ತನ್ನ ದನಿಯನ್ನೇ ಹಾಕಿ ಕೇಳಿದಳು. ವಾಕ್ಯದ ಬಾಲಕ್ಕೆ, ಅತ್ತೆಗೆ ಓಗೊಟ್ಟ ಅವಳದೇ "ಬಂದೆ" ಅಂಟಿಕೊಂಡಿತ್ತು. ಕತ್ತರಿಸುವಾಗ ಕಣ್ಣು ತಪ್ಪಿ ಉಳಿದುಹೋಗಿತ್ತು. ಆ ಹೆಂಗಸರು ಪಾಪ ಅದೂ ಮರ್ಯಾದೆಯ ಮಾತೇ ಇರಬೇಕೆಂದು ಉರು ಹೊಡೆದಿದ್ದರು. ಅವಳಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ತರಗತಿಯಲ್ಲಿ ಹೇಳಿದಾಗ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಅತ್ತೆ ನಮಗೂ ಅತ್ತೆ, ಮಿಸ್," ಎಂದಿದ್ದಳು ನೂರಕ್ಕ. ಆ ದನಿಯನ್ನು ಸರಿಪಡಿಸಬೇಕು ಎಂದು ಟೀಚರ್ ಅಂದುಕೊಂಡಳು, ಸರಿಪಡಿಸಲಿಲ್ಲ. ನಾಲಿಗೆಗೆ ಒಮ್ಮೆ ಕೂತದ್ದು ಅಷ್ಟು ಸುಲಭಕ್ಕೆ ಏಳುವುದೂ ಇಲ್ಲ.

ನೂರಕ್ಕ ಎನ್ನುವುದು ತರಗತಿ ಇಟ್ಟ ಹೆಸರು. ಪ್ರತಿ ಪಾಠದಲ್ಲೂ ನೂರಕ್ಕೆ ನೂರು. ನಲವತ್ತರ ಹತ್ತಿರದ ವಯಸ್ಸು, ಲಾಂಡ್ರಿಯಲ್ಲಿ ಉರುಳೆ ಇಸ್ತ್ರಿಯ ಯಂತ್ರದ ಮುಂದೆ ನಿಲ್ಲುವ ಕೆಲಸ. ಒದ್ದೆ ಹಾಸುಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಬಿಸಿ ಉರುಳೆಯೊಳಗೆ ಬಿಡಬೇಕು. ತಾಯ್ನಾಡಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಇಲ್ಲಿ ಟಿಂಗ್ ಎಂದು ಹಸಿರು ಬಿದ್ದಾಗಲೆಲ್ಲ ಮೊಬೈಲನ್ನು ಅಕ್ಕಪಕ್ಕದವರಿಗೆ ತಿರುಗಿಸಿ ತೋರಿಸುತ್ತಿದ್ದಳು.

ಅಂದು ಶುಕ್ರವಾರ. ಸಂಜೆಯ ತರಗತಿಗೂ ನೂರಕ್ಕ ಬರಲಿಲ್ಲ. ನಾದಿನಿ ಬಂದಿದ್ದಳು. ಅವಳದು ಆಸ್ಪತ್ರೆಯಲ್ಲಿ ಕೆಲಸ. ಪಾಠ ಮುಗಿದು ಎಲ್ಲರೂ ಮೆಟ್ಟಿಲಿಳಿದ ಮೇಲೆ ಅವಳು ಚೀಲದಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದಳು.

"ಮಿಸ್, ಓದಿ. ನಮಗೆ ಅಕ್ಷರ ಬರ್ತದೆ, ಈ ಅಕ್ಷರ ಬರೋದಿಲ್ಲ."

ಲಾಂಡ್ರಿಯ ಕಾಗದ. ಆಫೀಸಿನ ಗಂಟು ಗಂಟು ಭಾಷೆ, ಟೀಚರೇ ಎರಡು ಸಲ ಓದಬೇಕಾಯಿತು. ಸದರಿ ನೌಕರಳು ಉರುಳೆ ಯಂತ್ರಕ್ಕೆ ಬಲಗೈ ಸಿಕ್ಕಿಸಿಕೊಂಡು ಗಾಯಗೊಂಡಿರುತ್ತಾಳೆ. ಯಂತ್ರದ ಸುಸ್ಥಿತಿಯ ಬಗ್ಗೆ ಸ್ಥಳದಲ್ಲೇ ವಿಚಾರಿಸಲಾಗಿ, ಸದರಿಯವಳು ಸ್ವಂತ ಮಾತಿನಲ್ಲಿ "ಎಲ್ಲ ಸರಿ ಇದೆ ಸರ್, ಬಂದೆ" ಎಂದು ತಿಳಿಸಿರುತ್ತಾಳೆ, ಧ್ವನಿಮುದ್ರಣ ಇದೆ. ಆದ್ದರಿಂದ ಅವಘಡಕ್ಕೆ ಸದರಿಯವಳ ಅಜಾಗರೂಕತೆಯೇ ಕಾರಣ. ಈ ಬಗ್ಗೆ ಹೇಳುವುದಿದ್ದಲ್ಲಿ ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಕೆಲಸದಿಂದ ತೆಗೆಯಲಾಗುವುದು.

ಟೀಚರ್ ಕುರ್ಚಿಯ ಮೇಲೆ ಕೂತಳು. ಕಾಗದದ ಮೇಲೆ ಅಚ್ಚಾಗಿದ್ದದ್ದು ಅವಳದೇ ದನಿ. ಕಪಾಟಿನೊಳಗೆ ಕೂತು, ಅತ್ತೆಗೆ ಓಗೊಟ್ಟ ದನಿ.

"ಜ್ವರ ಅಂದೆಯಲ್ಲ ನೀನು?"

ನಾದಿನಿ ನೆಲ ನೋಡಿದಳು. "ಅತ್ತಿಗೆ ಹೇಳಿದಳು, ಜ್ವರ ಅನ್ನು ಅಂತ. ಮಿಸ್‌ಗೆ ಬೇಜಾರಾಗ್ತದೆ ಅಂತ."

ಇಬ್ಬರೂ ಬಸ್ಸು ಹಿಡಿದರು. ಡಿಪೋದ ಹಿಂದಿನ ಕಟ್ಟಡ, ಮೂರನೇ ಮಹಡಿ, ಕಾರಿಡಾರಿನ ಕೊನೆಯ ಕೋಣೆ. ಎರಡು ಮಂಚ, ನಡುವೆ ಒಬ್ಬರು ಅಡ್ಡ ತಿರುಗಿ ದಾಟುವಷ್ಟು ಜಾಗ. ಕಿಟಕಿಯ ಕೆಳಗೆ ಬಕೆಟ್. ಗೋಡೆಗೆ ಟೀಚರ್ ಬರೆದುಕೊಟ್ಟಿದ್ದ ಅಕ್ಷರಮಾಲೆಯ ಹಾಳೆ ಅಂಟಿಸಿತ್ತು. ನೂರಕ್ಕನ ಬಲಗೈ ಬೆರಳ ತುದಿಯಿಂದ ಮೊಣಕೈವರೆಗೆ ಬ್ಯಾಂಡೇಜಿನಲ್ಲಿ ದಿಂಬಿನ ಮೇಲೆ ಮಲಗಿತ್ತು, ಬೇರೆ ಯಾರದೋ ಕೈಯನ್ನು ಅವಳ ಪಕ್ಕ ತಂದಿಟ್ಟ ಹಾಗೆ. ಟೀಚರನ್ನು ಕಂಡು ಏಳಲು ಹೋದಳು.

"ಏಳಬೇಡ, ಏಳಬೇಡ. ಮಲಗು."

"ಮಿಸ್, ಐದು ದಿನ ಖಾಲಿ. ತಪ್ಪು ತಿಳೀಬೇಡಿ. ಎಡಗೈ, ಒತ್ತಿದರೆ ಬೇರೆ ಒತ್ತುತ್ತದೆ. ಕೆಂಪು ಬರ್ತದೆ. ಅದಕ್ಕೇ ಬಿಟ್ಟೆ."

ಸುಟ್ಟ ಕೈ ಇಟ್ಟುಕೊಂಡು ಹೋಮ್‌ವರ್ಕಿಗೆ ಕ್ಷಮೆ ಕೇಳುತ್ತಿದ್ದಳು. ಟೀಚರಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಮಂಚದ ಅಂಚಿಗೆ ಆತುಕೊಂಡು, ಏನಾಯಿತು ಹೇಳು ಎಂದಳು.

ನೂರಕ್ಕ ಹೇಳಿದಳು. ಪದ ಸಿಗದ ಕಡೆ ಎಡಗೈ ಆಡಿಸಿದಳು, ಅಲ್ಲಿಯೂ ಸಾಲದಿದ್ದರೆ ತಮ್ಮ ಭಾಷೆಯಲ್ಲಿ ನಾದಿನಿಯನ್ನು ಕೇಳಿದಳು. ಉರುಳೆಯ ಮುಂದೆ ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಕೈ ಅದಕ್ಕೆ ತಾಗಿದರೆ ಸಾಕು, ಯಂತ್ರ ನಿಂತುಬಿಡುತ್ತದೆ. ಆ ಪಟ್ಟಿ ಮುರಿದು ಎಂಟು ದಿನವಾಗಿತ್ತು. ಹಗ್ಗದಲ್ಲಿ ಕಟ್ಟಿದ್ದರು. ಎಲ್ಲರಿಗೂ ಗೊತ್ತಿತ್ತು. ಹಾಸುಬಟ್ಟೆಯ ಅಂಚಿನ ಜೊತೆ ಕೈ ಹೋಯಿತು. ಪಕ್ಕದವಳು ಗೋಡೆಯ ಸ್ವಿಚ್ಚು ಆರಿಸಲು ಓಡಿದಳು. ಆಮೇಲೆ ಬೆಂಚಿನ ಮೇಲೆ ಮಲಗಿಸಿದರು. ಸೂಪರ್‌ವೈಸರ್ ಬಂದ, ಮೊಬೈಲ್ ಬಾಯಿಯ ಹತ್ತಿರ ಹಿಡಿದ.

"ಏನು ಕೇಳಿದ?"

"ನಮ್ಮ ಪಾಠದ್ದೇ ಮಿಸ್!" ನೂರಕ್ಕನ ಮುಖದಲ್ಲಿ, ಆ ನೋವಿನಲ್ಲೂ, ಪರೀಕ್ಷೆಯಲ್ಲಿ ಓದಿದ ಪ್ರಶ್ನೆಯೇ ಬಂದ ಮಗುವಿನ ಬೆಳಕು. "'ಯಂತ್ರ ಸರಿ ಇದೆಯಾ?' ಕೇಳಿದ. ಎಲ್ಲ ಅರ್ಥ ಆಯ್ತು. ಕೈ ಉರೀತಾ ಇದೆ, ಆದರೂ ಅರ್ಥ ಆಯ್ತು. ಮೂರು ಉತ್ತರ ಕಣ್ಣ ಮುಂದೆ ಬಂತು. ಹಸಿರು ಹೇಳಿದೆ."

"ಪಟ್ಟಿ ಮುರಿದಿದೆ ಅನ್ನಬೇಕಿತ್ತಲ್ಲ ನೂರಕ್ಕ. 'ಇಲ್ಲ ಸರ್, ಯಂತ್ರ ಕೆಟ್ಟಿದೆ' ಅನ್ನಬೇಕಿತ್ತಲ್ಲ. ಆ ಮಾತು ನಿನಗೆ ಬರುತ್ತಲ್ಲ!"

ನೂರಕ್ಕ ಅವಳನ್ನು ವಿಚಿತ್ರವಾಗಿ ನೋಡಿದಳು. ಟೀಚರೇ ಪಾಠ ಮರೆತರಾ ಎಂಬಂತೆ.

"ಅದು ಕೆಂಪಲ್ಲವಾ, ಮಿಸ್?"

ಕಾರಿಡಾರಿನಲ್ಲಿ ಯಾರೋ ಚಪ್ಪಲಿ ಎಳೆಯುತ್ತಾ ಹೋದರು.

"ಎಂಟು ದಿನದಿಂದ ಎಲ್ಲರೂ ಮುರಿದದ್ದು ನೋಡ್ತಾರೆ, ಯಾರೂ ಹೇಳೋದಿಲ್ಲ," ಎಂದಳು ನಾದಿನಿ, ಬಾಗಿಲ ಹತ್ತಿರದಿಂದ. "ಮೂರು ಜನ ನಮ್ಮ ಕ್ಲಾಸಿನವರೇ. ಎಲ್ಲರಿಗೂ ಗೊತ್ತು ಯಾವುದು ಹಸಿರು." ಟೀಚರನ್ನು ದೂರುವ ದನಿಯಲ್ಲ ಅದು. ಅದಕ್ಕೇ ಇನ್ನಷ್ಟು ಚುಚ್ಚಿತು.

ಮನೆಗೆ ನಡೆದೇ ಬಂದಳು. ಬಸ್ಸಿನಲ್ಲಿ ಕೂರುವ ತಾಳ್ಮೆ ಇರಲಿಲ್ಲ. ಸಿಟ್ಟು ಯಾರ ಮೇಲೆ ಎಂದು ಹುಡುಕುತ್ತಾ ನಡೆದಳು. ಬೆಂದ ಕೈಯ ಹೆಂಗಸಿನ ಬಾಯಿಗೆ ಮೊಬೈಲ್ ಹಿಡಿದವನ ಮೇಲೆ, ಹಗ್ಗ ಕಟ್ಟಿದವರ ಮೇಲೆ, ಸ್ವಂತ ಮಾತಿನಲ್ಲಿ ಎಂದು ಬರೆದ ಗುಮಾಸ್ತನ ಮೇಲೆ. ಎಲ್ಲರ ಮೇಲೂ ಬಂತು. ಆದರೆ ಅಷ್ಟೂ ಸಿಟ್ಟು ತಿರುಗಾಡಿ ದಣಿದ ಹಾಗೆ ಒಂದು ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತಿತ್ತು.

ಒಂದೂವರೆ ವರ್ಷದ ಹಿಂದಿನ ಮಧ್ಯಾಹ್ನ ಅದು. ಕೇಂದ್ರದ ಜಾಗ, ಮೇಜು, ಕುರ್ಚಿ ಎಲ್ಲ ಲಾಂಡ್ರಿಯವರು ಕೊಟ್ಟದ್ದು. ಆರನೇ ಪಾಠಕ್ಕೆ ಬೇಕಾದ ವಾಕ್ಯಗಳ ಪಟ್ಟಿಯನ್ನೂ ಅವರ ಮ್ಯಾನೇಜರೇ ಕಳಿಸಿದ್ದ. ಆಗಲಿ ಸರ್. ಈಗಲೇ ಮಾಡ್ತೀನಿ ಸರ್. ಎಲ್ಲ ಸರಿ ಇದೆ ಸರ್. ಇವಳು ತನ್ನ ಕಡೆಯಿಂದ "ಇಲ್ಲ ಸರ್, ಯಂತ್ರ ಕೆಟ್ಟಿದೆ" ಸೇರಿಸಿ, ಎರಡಕ್ಕೂ ಹಸಿರು ಕೊಟ್ಟಿದ್ದಳು. ಕೇಂದ್ರದ ನಿರ್ದೇಶಕರು ಒಪ್ಪಲಿಲ್ಲ. ಆ ಮನುಷ್ಯನಿಗೆ ಹೆಂಗಸರೆಲ್ಲ ಹಸಿರು ಸಾಹೇಬ ಎಂದು ಹೆಸರಿಟ್ಟಿದ್ದರು. ಗೋಡೆಯ ಮೇಲೂ ಹಸಿರು ಚುಕ್ಕಿಗಳ ಪಟ್ಟಿ, ಫೈಲಿನಲ್ಲೂ ಹಸಿರು ಚುಕ್ಕಿಗಳ ಪಟ್ಟಿ. "ಒಂದು ಪ್ರಶ್ನೆಗೆ ಒಂದೇ ಹಸಿರು ಮೇಡಂ. ಎರಡಿದ್ದರೆ ಅಂಕ ಲೆಕ್ಕ ಹಾಕೋದು ಹೇಗೆ? ಚಿತ್ರದಲ್ಲಿ ಯಂತ್ರ ಓಡ್ತಾ ಇದೆಯಲ್ಲ, ಸರಿ ಇದೆ ಅನ್ನೋದೇ ಸರಿ," ಎಂದರು. ಅವಳಿಗೆ ಗೊತ್ತಿತ್ತು ಅದು ಸರಿಯಲ್ಲ ಎಂದು. ಆದರೂ ಏನೆಂದಳು? "ಪರವಾಗಿಲ್ಲ ಸರ್, ಹಾಗೇ ಮಾಡೋಣ." ಮನೆಗೆ ಬಂದು, ತನ್ನ ಕೈಯಾರೆ, ಎರಡನೆಯ ಉತ್ತರವನ್ನು ಕೆಂಪು ಮಾಡಿದ್ದಳು. ಅದರ ಬುರ್ರ್ ಶಬ್ದ ಸಾಕಷ್ಟು ಜೋರಿದೆಯೇ ಎಂದು ಪರೀಕ್ಷೆಯನ್ನೂ ಮಾಡಿದ್ದಳು.

ಪರವಾಗಿಲ್ಲ. ಈ ಒಂದು ಪದವನ್ನು ಅವಳು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳು! ಗಂಡ ತಡವಾಗಿ ಬಂದರೆ ಪರವಾಗಿಲ್ಲ. ಅತ್ತೆ ನಾಲ್ಕು ಜನರ ಮುಂದೆ ಅಂದು ಆಡಿದರೆ ಪರವಾಗಿಲ್ಲ. ರಜೆಯ ದಿನ ಕರೆಸಿದರೆ ಪರವಾಗಿಲ್ಲ. ಯಾವ ಪುಟದ ಮೇಲೆ ಒತ್ತಿ ಒತ್ತಿ ಕಲಿತಳೋ. ಅವಳ ಬಾಲ್ಯದಲ್ಲಿ ಮೊಬೈಲೂ ಇರಲಿಲ್ಲ, ಟಿಂಗ್ ಎನ್ನುವ ಶಬ್ದವೂ ಇರಲಿಲ್ಲ. ಆದರೂ ಯಾವುದು ಹಸಿರು, ಯಾವುದು ಕೆಂಪು ಎಂದು ಅಪ್ಪನ ಹುಬ್ಬು ನೋಡಿಯೇ ಕಲಿತಿದ್ದಳು.

ಶನಿವಾರ ಬೆಳಿಗ್ಗೆ ಅವಳು ಕೇಂದ್ರಕ್ಕೆ ಹೋಗುವ ಹೊತ್ತಿಗೆ ನಿರ್ದೇಶಕರು ಗೋಡೆಯ ಪಟ್ಟಿಗೆ ಹೊಸ ಹಾಳೆ ಅಂಟಿಸುತ್ತಿದ್ದರು. ಬಾಯಲ್ಲಿ ಎರಡು ಪಿನ್ನು.

"ಬನ್ನಿ ಮೇಡಂ, ಒಳ್ಳೇ ಸುದ್ದಿ. ಇನ್ನೂ ಎರಡು ಲಾಂಡ್ರಿಯವರು ನಮ್ಮ ಜೊತೆ ಸೇರೋ ಹಾಗಿದೆ. ಗುರುವಾರ ಹನ್ನೊಂದಕ್ಕೆ ನೋಡೋಕೆ ಬರ್ತಾರೆ. ನೀವು ಆರನೇ ಪಾಠ ತೋರಿಸಿ. ತೊಂಬತ್ತಾರು ಪರ್ಸೆಂಟ್ ಹಸಿರು! ಅದೇ ನಮ್ಮ ಹೆಮ್ಮೆ."

ಅವಳು ಕಾಗದವನ್ನು ಮೇಜಿನ ಮೇಲಿಟ್ಟಳು. ಅವರು ಓದಿದರು. ಪಿನ್ನುಗಳನ್ನು ಬಾಯಿಂದ ತೆಗೆದು ಡಬ್ಬಿಗೆ ಹಾಕಿದರು.

"ಅಯ್ಯೋ ಪಾಪ. ಈಗ ಕೈ ಹೇಗಿದೆ?"

"ಮಡಿಸೋಕೆ ಆಗಲ್ಲ ಇನ್ನು. ಸರ್, ಆ ಮಾತು ಓದಿದಿರಾ? ಅದು ನಮ್ಮ ಪಾಠದ್ದು. ನನ್ನ ದನಿಯ ತಪ್ಪೂ ಸೇರಿಕೊಂಡು ಹಾಗೇ ಇದೆ. ಅವಳು ತನಗೆ ಅನಿಸಿದ್ದು ಹೇಳಿಲ್ಲ, ನಾವು ಕಲಿಸಿದ್ದು ಹೇಳಿದ್ದಾಳೆ. ಕೇಂದ್ರದ ಕಡೆಯಿಂದ ಒಂದು ಪತ್ರ ಕೊಡಿ. ಎರಡೇ ಸಾಲು."

"ಎರಡು ಸಾಲಿಗೆ ಕೇಂದ್ರಕ್ಕೆ ಬೀಗ ಬೀಳುತ್ತೆ ಮೇಡಂ. ನಾವು ಕೂತಿರೋ ಈ ಕುರ್ಚಿ ಯಾರದು?"

"ಅವಳ ಕೈ ಯಾರದು ಸರ್?"

ನಿರ್ದೇಶಕರು ಕೆಟ್ಟ ಮನುಷ್ಯರೇನಲ್ಲ. ಕಾಗದವನ್ನು ಮತ್ತೆ ಓದಿದರು, ತಲೆ ಆಡಿಸಿದರು. ಆಮೇಲೆ, ಅವಳನ್ನು ಸಮಾಧಾನ ಮಾಡಬೇಕೆಂದೇ ಇರಬೇಕು, ಹೇಳಿದರು: "ನೋಡಿ, ಒಂದು ರೀತೀಲಿ ಯೋಚನೆ ಮಾಡಿ. ಅಷ್ಟು ನೋವಲ್ಲೂ ಒಂದಕ್ಷರ ತಪ್ಪದೆ ಹೇಳಿದ್ದಾಳೆ. ಅಂದರೆ ನಮ್ಮ ಪಾಠ ಕೆಲಸ ಮಾಡಿದೆ."

"ಹೌದು ಸರ್, ಮಾಡಿದೆ. ಮೊಣಕೈವರೆಗೂ ಮಾಡಿದೆ."

"ಅದೇ ನೋಡಿ, ನೀವು ಕೋಪದಲ್ಲಿ ಮಾತಾಡ್ತೀರಿ."

"ಕೋಪದಲ್ಲೇ ಮಾತಾಡ್ತಿರೋದು ಸರ್. ಎರಡು ಹಸಿರು ಆಗಲ್ಲ ಅಂತ ನೀವು ಅಂದಾಗಲೇ ಕೋಪ ಮಾಡ್ಕೊಂಡಿದ್ದರೆ ಇವತ್ತು ಇಲ್ಲಿ ನಿಲ್ಲಬೇಕಾಗಿರಲಿಲ್ಲ."

ಅವರ ಮುಖ ಕೆಂಪಾಯಿತು. ದನಿ ತಗ್ಗಿಸಿ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ವಿಚಾರಣೆ ಅವರವರ ಒಳಗಿನ ವಿಷಯ. ಕೇಂದ್ರದವರು ಯಾರೂ ಅದರಲ್ಲಿ ಮೂಗು ತೂರಿಸುವಂತಿಲ್ಲ. ಪಾಠ ಬದಲಿಸಬೇಕಿದ್ದರೆ ಫಾರಂ ಇದೆ, ತುಂಬಿ ಕೊಟ್ಟರೆ ಮುಂದಿನ ವರ್ಷ ನೋಡೋಣ. ಗುರುವಾರ ಹನ್ನೊಂದಕ್ಕೆ ಮಾತ್ರ ತಪ್ಪಿಸಬೇಡಿ. "ಆಯ್ತಾ ಮೇಡಂ?"

ನಾಲಿಗೆಯ ತುದಿಗೆ ಪರವಾಗಿಲ್ಲ ಸರ್ ಬಂದು ಕೂತಿತ್ತು. ಅದೆಷ್ಟು ಸಲೀಸಾಗಿ ಬಂದಿತ್ತೆಂದರೆ ಅವಳಿಗೆ ಹೇಸಿಗೆಯಾಯಿತು. ಹಲ್ಲು ಕಚ್ಚಿ, ಕಾಗದ ಮಡಿಸಿ, ಒಂದೂ ಮಾತಾಡದೆ ಮೆಟ್ಟಿಲಿಳಿದಳು. ಮಾತಾಡದಿದ್ದದ್ದನ್ನು ಅವರು ಒಪ್ಪಿಗೆ ಎಂದೇ ತಿಳಿದರು. "ಥ್ಯಾಂಕ್ಯೂ ಮೇಡಂ," ಎಂದು ಮೇಲಿನಿಂದ ಕೂಗಿದರು.

ಮಧ್ಯಾಹ್ನ ಊಟದ ಹೊತ್ತಿಗೆ ಗಂಡನಿಗೆ ಹೇಳಿದಳು. ಅವನು ಕೇಳಿಸಿಕೊಂಡ. ಎರಡು ಸಲ ಛೆ ಎಂದ. "ಆದರೂ ನಿನಗ್ಯಾಕೆ ಉಸಾಬರಿ? ನೀನು ಪಾಠ ಮಾಡಿದೆ, ಅವಳು ಒಪ್ಪಿಸಿದಳು. ಯಂತ್ರ ನೀನು ಮುರಿದೆಯಾ?"

"ಬಾಯಿ ನಾನು ಕಟ್ಟಿದೆ."

"ಹಾಗೆ ಎಲ್ಲಾನೂ ತಲೆ ಮೇಲೆ ಹಾಕಿಕೊಂಡರೆ ಬದುಕೋಕಾಗುತ್ತಾ?" ಎಂದು ಅವನು ತಟ್ಟೆ ಎತ್ತಿದ. ಅತ್ತೆ ಮಾತ್ರ ಊಟ ನಿಲ್ಲಿಸಿ ಕೂತಿದ್ದಳು.

"ಆ ಹೆಂಗಸೇನಾ ನನ್ನನ್ನ ಅತ್ತೆ ಅಂದವಳು?"

"ಹೂಂ ಅತ್ತೆ."

"ಬಲಗೈಯೋ ಎಡಗೈಯೋ?"

"ಬಲಗೈ."

ಅತ್ತೆ ಲೊಚಗುಟ್ಟಿ, ತನ್ನ ಬಲಗೈಯನ್ನೇ ತಿರುಗಿಸಿ ನೋಡಿಕೊಂಡಳು. ಎರಡನೇ ಸಲ ಬಡಿಸಲು ಹೋದರೆ ಬೇಡ ಎಂದಳು.

ಬಿಸಿಲು ಇಳಿಯುವ ಮೊದಲು ಟೀಚರ್ ಕಪಾಟಿನ ಬಾಗಿಲು ತೆರೆದು ಸ್ಟೂಲು ಎಳೆದುಕೊಂಡಳು. ಮೊದಲು ಆರನೇ ಪಾಠದ ಪುಟವನ್ನು ಇದ್ದಹಾಗೇ ಚಿತ್ರ ತೆಗೆದಿಟ್ಟುಕೊಂಡಳು. ಪ್ರಶ್ನೆ, ಮೂರು ಉತ್ತರ, ಹಸಿರು ಎಲ್ಲಿ, ಕೆಂಪು ಎಲ್ಲಿ, ಪುಟ ತಯಾರಾದ ತಾರೀಖು. ಆಮೇಲೆ ದನಿಗಳಿಗೆ ಬಂದಳು. ಒಂದೊಂದನ್ನೂ ಕೇಳಿ ಕೇಳಿ ತನ್ನ ಮೊಬೈಲಿಗೆ ಇಳಿಸಿಕೊಂಡಳು. ಲಾಂಡ್ರಿಯಲ್ಲೇ ದುಡಿಯುವ ಉಳಿದ ಮೂವರ ದನಿಯನ್ನು ಬಿಟ್ಟಳು. ಅವರ ಕೆಲಸಕ್ಕೆ ಕುತ್ತು ಬರಬಾರದು. ಉಳಿದವರ ದನಿಗೆ ಹೆಸರು ಹಾಕಲಿಲ್ಲ, ಒಂದು, ಎರಡು, ಮೂರು ಎಂದಷ್ಟೇ ಬರೆದಳು. ನೆಲ ಒರೆಸುವವಳು: ಎಲ್ಲ ಸರಿ ಇದೆ ಸರ್, ಬಂದೆ. ಪಾತ್ರೆ ತೊಳೆಯುವವಳು: ಎಲ್ಲ ಸರಿ ಇದೆ ಸರ್, ಬಂದೆ. ಬಸ್ಸಿನಲ್ಲಿ ನಿಂತವಳು, ಮಗು ಎತ್ತಿಕೊಂಡವಳು, ನಲ್ಲಿ ಸೋರುವವಳು. ಎಲ್ಲರದೂ ಸ್ವಂತ ಮಾತು, ಎಲ್ಲರದೂ ಒಂದೇ ಮಾತು. ಹಿಂದೆ ಇದನ್ನು ಕೇಳಿ ನಕ್ಕಿದ್ದೆನಲ್ಲ ಎಂದು ಈಗ ಕಪಾಟಿನ ಹಲಗೆಗೆ ಹಣೆ ಒತ್ತಿಕೊಂಡಳು. ಎಂಟು ತಿಂಗಳ ಹಿಂದಿನ ನೂರಕ್ಕನ ದನಿ, ಕೊನೆಗೆ ಎಲ್ಲಕ್ಕೂ ಮೂಲವಾದ ತನ್ನ ದನಿ. ಒಟ್ಟು ಹತ್ತು.

ಆಮೇಲೆ ಪಾಠದ ಒಳಗೆ ಹೋದಳು. ಕಟ್ಟಿದವಳು ಅವಳೇ, ಬೀಗದ ಕೈಯೂ ಅವಳ ಹತ್ತಿರವೇ ಇತ್ತು. ಎರಡನೇ ಉತ್ತರವನ್ನು ಅಳಿಸಿ ಹೊಸದಾಗಿ ಬರೆದಳು. ಅದರ ಪಕ್ಕದ ಚೌಕ ಒತ್ತಿದಳು. ಹಸಿರು ಒಂದರಿಂದ ಎದ್ದು ಎರಡಕ್ಕೆ ಹೋಗಿ ಕೂತಿತು. ಒಂದು ಪ್ರಶ್ನೆಗೆ ಒಂದೇ ಹಸಿರು ಎಂದಿದ್ದರಲ್ಲ, ಒಂದೇ ಇರಲಿ. ಮೊಬೈಲನ್ನು ಬಾಯಿಯ ಹತ್ತಿರ ತಂದು, ಗಂಟಲು ಸರಿಮಾಡಿಕೊಂಡು, ಮೈಕ್ ಒತ್ತಿದಳು.

"ಇಲ್ಲ ಸರ್. ಯಂತ್ರ ಸರಿ ಇಲ್ಲ. ಪಟ್ಟಿ ಮುರಿದಿದೆ."

ದನಿ ನಡುಗಿತು. ಅಳಿಸಿದಳು. ಎರಡನೇ ಸಲ ತೀರಾ ಬಯ್ದ ಹಾಗಾಯಿತು. ಅದನ್ನೂ ಅಳಿಸಿದಳು, ಮನಸ್ಸಿಲ್ಲದ ಮನಸ್ಸಿನಿಂದ. ಮೂರನೇ ಸಲ ಒಂದೊಂದೇ ಪದ ಬಿಡಿಸಿ, ಕಲಿಯುವವರಿಗೆ ಹೇಳುವ ಹಾಗೆ ಹೇಳುತ್ತಿದ್ದಾಗ ಹೊರಗಿನಿಂದ ಕೂಗು ಬಂತು.

"ಏನೇ!"

ಬಾಯಿ ತಾನಾಗಿಯೇ ತೆರೆಯಿತು. ಮುಚ್ಚಿದಳು. ವಾಕ್ಯ ಮುಗಿಸಿದಳು, ಎರಡು ಕ್ಷಣ ಸುಮ್ಮನಿದ್ದು ಮೈಕ್ ಆರಿಸಿದಳು. ಆಮೇಲೆ ನಿಧಾನವಾಗಿ ಎದ್ದು ಹೋಗಿ ನೋಡಿದರೆ ಅತ್ತೆಯ ಕೈಯಲ್ಲಿ ಮುಲಾಮಿನ ಡಬ್ಬಿ ಇತ್ತು.

"ಇದು ನನಗೆ ಅಂದು ಕೈ ಸುಟ್ಟಾಗ ಡಾಕ್ಟರು ಕೊಟ್ಟದ್ದು. ಇನ್ನೂ ಅರ್ಧ ಇದೆ. ಆ ಹೆಂಗಸಿಗೆ ಕೊಡು. ತಾರೀಖು ನೋಡಿ ಕೊಡು ಮತ್ತೆ, ಹಳೇದಾಗಿದ್ದರೆ ನನ್ನ ಹೆಸರು ಕೆಡುತ್ತೆ." ಅವಳು ಡಬ್ಬಿ ತೆಗೆದುಕೊಂಡಳು. "ಕೂಗಿದರೆ ಇವತ್ತು ಓಗೊಡಲೇ ಇಲ್ಲ?"

"ಕೆಲಸದಲ್ಲಿದ್ದೆ ಅತ್ತೆ."

"ಹಾಗಂತ ಹೇಳಬಾರದಾ," ಎಂದು ಅತ್ತೆ ಪೇಪರಿಗೆ ತಿರುಗಿದಳು.

ನೂರಕ್ಕನಿಗೆ ಒಂದು ಸಾಲು ಕಳಿಸಿದಳು: ಆರನೇ ಪಾಠ ಇನ್ನೊಂದು ಸಲ ಮಾಡು, ನಿಧಾನವಾಗಿ, ಎಡಗೈಯಲ್ಲಿ. ಒಣಗಿದ ಬಟ್ಟೆ ತಂದು ಮಡಿಸುತ್ತಾ ಕೂತಳು. ದಿಂಬಿನ ಚೀಲ, ಟವೆಲ್ಲು, ಹಾಸುಬಟ್ಟೆ. ಹಾಸುಬಟ್ಟೆಯ ನಾಲ್ಕು ಮೂಲೆ ಸೇರಿಸುವಾಗ ಕೈ ನಿಂತಿತು, ಮತ್ತೆ ಮಡಿಸಿದಳು. ಅರ್ಧ ಗಂಟೆಯ ಮೇಲೆ ಖಾಲಿ ಸಾಲಿನಲ್ಲಿ ಒಂದು ಚುಕ್ಕಿ ಬಿತ್ತು. ಕೆಂಪು. ಹಳೆಯದನ್ನೇ ಒತ್ತಿರಬೇಕು. ತುಂಬ ಹೊತ್ತು ಏನೂ ಇಲ್ಲ. ಅಲ್ಲಿ ಆ ಮಂಚದ ಮೇಲೆ ಅವಳು ಮೊಬೈಲನ್ನು ನಾದಿನಿಗೆ ತೋರಿಸಿ ತಮ್ಮ ಭಾಷೆಯಲ್ಲಿ ವಾದ ಮಾಡುತ್ತಿರಬಹುದು ಎಂದು ಟೀಚರ್ ಅಂದುಕೊಂಡಳು. ಆಮೇಲೆ ಚುಕ್ಕಿ ಹಸಿರಾಯಿತು. ಅದರ ಬೆನ್ನಿಗೇ ದನಿ ಬಂತು.

"ಇಲ್ಲ ಸರ್. ಯಂತ್ರ ಸರಿ ಇಲ್ಲ. ಪಟ್ಟಿ ಮುರಿದಿದೆ." ಅಲ್ಲಿಗೆ ಪಾಠದ ಮಾತು ಮುಗಿಯಿತು. ಬಾಲಕ್ಕೆ ಬಂದೆ ಇರಲಿಲ್ಲ. ಆದರೆ ದನಿ ನಿಲ್ಲಲಿಲ್ಲ, ಉಸಿರು ಎಳೆದುಕೊಂಡು, ಪಾಠದಲ್ಲಿಲ್ಲದ್ದನ್ನು ತಡವರಿಸುತ್ತಾ ಸೇರಿಸಿತು: "ಎಂಟು ದಿನ ಮುರಿದಿದೆ. ನಿಮಗೆ ಗೊತ್ತು."

ಟೀಚರ್ ಅದನ್ನು ಮೂರು ಸಲ ಕೇಳಿದಳು. ನಾಲ್ಕನೇ ಸಲ ಕೇಳಲಿಲ್ಲ, ಇಟ್ಟುಕೊಂಡಳು.

ಗಂಡ ಬಾಗಿಲಲ್ಲಿ ಇಣುಕಿದ. "ಗುರುವಾರ ಅಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗೋಕಾಗುತ್ತಾ ನಿನಗೆ? ಹನ್ನೊಂದಕ್ಕೆ?"

"ಆಗಲ್ಲ. ನೀವೇ ಹೋಗಿ."

ಅವನು ಸ್ವಲ್ಪ ಹೊತ್ತು ನಿಂತ, ಇನ್ನೇನೋ ಮಾತು ಬರುತ್ತದೆ ಎಂದು ಕಾದವನ ಹಾಗೆ. "ಓ, ನಿಮ್ಮ ಸೆಂಟರಿಗೆ ಯಾರೋ ನೋಡೋಕೆ ಬರ್ತಾರೆ ಅಂದಿದ್ದೆಯಲ್ಲ, ಅಲ್ವಾ?" ಎಂದ.

"ಬರ್ತಾರೆ," ಎಂದಳು. ಅದು ನಿಜವೂ ಆಗಿತ್ತು. ಬರುತ್ತಾರೆ, ಹನ್ನೊಂದಕ್ಕೆ ಸರಿಯಾಗಿ ಕೂರುತ್ತಾರೆ, ಇವಳನ್ನು ಕಾದು ಕಾದು ಸಾಹೇಬರು ತಾವೇ ಆರನೇ ಪಾಠ ತೆರೆಯುತ್ತಾರೆ, ಎಲ್ಲರ ಮುಂದೆ ಮೊದಲನೇ ಉತ್ತರದ ಮೇಲೆ ಬೆರಳಿಡುತ್ತಾರೆ. ಆ ಹೊತ್ತಿಗೆ ಅವಳು ಲಾಂಡ್ರಿಯ ವಿಚಾರಣೆಯ ಕೋಣೆಯಲ್ಲಿ, ನೂರಕ್ಕನ ಎಡಗಡೆಯ ಕುರ್ಚಿಯಲ್ಲಿರುತ್ತಾಳೆ.

ಗಂಡ ಹೋದ ಮೇಲೆ ಮೊಬೈಲನ್ನು ಚಾರ್ಜಿಗೆ ಹಾಕಿದಳು. ಮುಲಾಮಿನ ಡಬ್ಬಿಯ ತಳ ತಿರುಗಿಸಿ ತಾರೀಖು ಓದಿದಳು. ಇನ್ನೂ ಆರು ತಿಂಗಳಿತ್ತು. ಕಪಾಟಿನಿಂದ ತನ್ನ ಕಪ್ಪು ಕೋಟನ್ನು ತೆಗೆದು, ಹೆಗಲ ಮೇಲಿನ ಧೂಳು ಕೊಡವಿ, ಒಳಜೇಬಿಗೆ ಆ ಡಬ್ಬಿ ಹಾಕಿ, ಬಾಗಿಲಿನ ಹಿಂದಿನ ಮೊಳೆಗೆ ನೇತುಹಾಕಿದಳು.